ಒಂದು ಲಡಾಯಿ, ಎರಡು ಹೆಸರು

ಗೀಗೀ ಮೇಳದಾಗ ಹಾಡುವವರಿಗೆ ಒಂದು ರೂಢಿ ಐತಿ. ಲಡಾಯಿ ಪದ ಕಟ್ಟಬೇಕಾದರೆ ಮೊದಲು ಮೂರು ಮಾತು ಗಟ್ಟಿ ಮಾಡಿಕೋಬೇಕು. ಲಡಾಯಿ ಎಲ್ಲಿ ಆತು, ಯಾತಕ್ಕಾಗಿ ಆತು, ನಾವು ಯಾರ ಪಕ್ಷ ಹಿಡಿದು ಹಾಡೋದು. ಈ ಮೂರು ಸಿಕ್ಕರೆ ಮುಂದಿನದನ್ನು ದಪ್ಪು ತುಂತುಣಿಗಳೇ ಎಳಕೊಂಡು ಹೋಗತಾವ. ಹಲಗಲಿ ಬೇಡರ ಲಾವಣಿಯನ್ನೇ ತಗೊಳ್ಳಿರಿ. 1857ರಾಗ ಇಂಗ್ರೇಜಿಯವರು ಹತಾರ ಕೊಡಿರಿ ಅಂದರು, ಬೇಡರು ಕೊಡಲಿಲ್ಲ, ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಬೇಡರು ಸೋತರು. ಆದರೂ ನಾವು ಯಾರ ಪಕ್ಷ ಅನ್ನೂದರಾಗ ಹಾಡುವವನಿಗೂ ಸಂಶಯ ಇಲ್ಲ, ಕುಂತ ದೈವಕ್ಕೂ ಸಂಶಯ ಇಲ್ಲ.

ಇಷ್ಟು ವರ್ಷ ಹಾಡಿದ ನನಗೆ ಈ ಮೂರನೇ ಮಾತು ಸಿಗದಂಗ ಮಾಡಿದ್ದು ಒಂದು ದೂರದ ಲಡಾಯಿ. ರಶಿಯಾ ದೇಶದಾಗ ಬೊರೊದಿನೊ ಅನ್ನುವ ಹಳ್ಳಿ ಐತಿ, ಮಾಸ್ಕೋದಿಂದ ಪಡುವಣಕ್ಕೆ ಸುಮಾರು 125 ಕಿಲೋಮೀಟರ್. ಅಲ್ಲಿನ ಹೊಲದಾಗ 1812ನೇ ಇಸ್ವಿ ಸಪ್ಟೆಂಬರ್ 7ರಂದು ನೆಪೋಲಿಯನ್ನನ ಫ್ರೆಂಚ್ ಸೈನ್ಯಕ್ಕೂ ರಶಿಯಾದ ಸೈನ್ಯಕ್ಕೂ ಆದ ಲಡಾಯಿ ಅದು. ನಮ್ಮ ವಾಚನಾಲಯದಾಗ ಟಾಲ್‌ಸ್ಟಾಯ್ ಬರೆದ 'ಯುದ್ಧ ಮತ್ತು ಶಾಂತಿ' ಕನ್ನಡದಾಗ ಐತಿ. ಏಳನೇತ್ತ ಕಲಿತ ನನಗೆ ಅದನ್ನು ಮುಗಿಸಾಕ ಒಂದು ಮಳೆಗಾಲ, ಒಂದು ಚಳಿಗಾಲ ಹಿಡೀತು. ಆಮ್ಯಾಲ ಇತಿಹಾಸದ ಪುಸ್ತಕಗಳನ್ನೂ ಹುಡುಕಿ ಓದಿದೆ. ಪದ ಕಟ್ಟಬೇಕು ಅಂತ ಮನಸ್ಸಾತು. ಕಟ್ಟಾಕ ಕುಂತರೆ ಪಕ್ಷ ಸಿಗವಲ್ದು.

ನೆಪೋಲಿಯನ್ ಹೆಸರು ನಮ್ಮ ಕಡೆಗೆ ಹೊಸದೇನಲ್ಲ. 1799ರ ಜನವರಿಯಾಗ ಈಜಿಪ್ತಿನಿಂದ ಅವ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದಿದ್ದ. ಅದು ನಡುವೆ ಇಂಗ್ರೇಜಿಯವರ ಕೈಗೆ ಬಿತ್ತು. ನಾಲ್ಕೇ ತಿಂಗಳಿಗೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋದ. ನೆಪೋಲಿಯನ್ ಮುಂದೆ ಫ್ರಾನ್ಸಿನ ಚಕ್ರವರ್ತಿ ಆದ. ಯುರೋಪಿನ ರಾಜರನ್ನೆಲ್ಲ ಒಬ್ಬೊಬ್ಬರಾಗಿ ಬಗ್ಗಿಸಿದ. 1807ರಾಗ ಫ್ರೀಡ್‌ಲಾಂಡ್ ಅನ್ನುವಲ್ಲಿ ರಶಿಯಾದ ಸೈನ್ಯವನ್ನೂ ಸೋಲಿಸಿ, ಅಲ್ಲಿನ ಜಾರ್ ಅಲೆಕ್ಸಾಂಡರನ ಜೋಡಿ ಟಿಲ್ಸಿಟ್ ಊರಾಗ ರಾಜಿ ಮಾಡಿಕೊಂಡ. ರಾಜಿಯೊಳಗ ಒಂದು ಕರಾರು ಇತ್ತು: ಇಂಗ್ಲೆಂಡಿನ ಜೋಡಿ ಯಾರೂ ವ್ಯಾಪಾರ ಮಾಡಬಾರದು. ರಶಿಯಾದವರು ಹಡಗಿನ ಹಗ್ಗಕ್ಕೆ ಬೇಕಾಗುವ ನಾರು, ಕಟ್ಟಿಗೆ ಇಂಥಾವನ್ನು ಇಂಗ್ಲೆಂಡಿಗೆ ಮಾರಿ ಬದುಕಿದವರು. ಬೆಳೆದ ಮಾಲಿಗೆ ಪ್ಯಾಟಿ ಬಂದ್ ಆದರೆ ಏನಾಗತದ ಅಂತ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಾರ್ ಕರಾರು ಮುರಿದ. ಪೋಲೆಂಡಿನ ವಿಷಯಕ್ಕೂ ಇಬ್ಬರ ನಡುವೆ ಬಿರುಕು ಬೆಳೀತು. ದೊಡ್ಡವರು ಮುನಿಸಿಕೊಂಡರು, ದಂಡು ಹೊಂಟಿತು.

1812ರ ಜೂನ್ 24ರಂದು ನೆಪೋಲಿಯನ್ನನ ದಂಡು ನೀಮೆನ್ ಹೊಳಿ ದಾಟಿತು. ಮೊದಲ ಸಲಕ್ಕೇ 4 ಲಕ್ಷಕ್ಕೆ ಮಿಕ್ಕಿ ಮಂದಿ. ಅವರ ಬೆನ್ನಿಗೆ ಸವಾರಿಯ ಕುದುರೆ, ತೋಪು ಎಳೆಯುವ ಕುದುರೆ, ಗಾಡಿ ಕುದುರೆ, ಎತ್ತು. ಇಲ್ಲಿಂದ ಮುಂದೆ ನಾನು ಓದಿದ್ದು ಸಿಪಾಯಿಯ ಕಣ್ಣಿನಿಂದಲ್ಲ, ಒಕ್ಕಲಿಗನ ಕಣ್ಣಿನಿಂದ. ಆಗ ಆ ದೇಶದ ಮುಖ್ಯ ಬೆಳಿ ರೈ ಆಗಿತ್ತು. ಅದು ಗೋದಿಯ ದಾಯಾದಿ, ಕಾಳು ಕಪ್ಪಗ, ಚಳಿ ತಡಕೊಳ್ಳತದ. ಜೂನ್ ತಿಂಗಳಾಗ ಅದು ಇನ್ನೂ ಹಸರು, ಕಾಳು ಕಟ್ಟಿರೂದಿಲ್ಲ. ಇಷ್ಟು ಕುದುರೆಗೆ ಮೇವು ಹೊತ್ತು ತರಾಕ ಸಾಧ್ಯ ಇಲ್ಲ ಅಂತ ದಂಡಿನವರು ಹಸಿ ಬೆಳಿ ಕೊಯ್ದು ಹಾಕಿದರು. ಮ್ಯಾಲಿಂದ ಗುಡುಗು ಮಳಿ, ಥಂಡಿ. ಹಸಿದ ಹೊಟ್ಟಿಗೆ ಹಸಿ ಮೇವು ಬಿದ್ದು, ಹೊಟ್ಟಿ ಉಬ್ಬಿ, ಲಡಾಯಿ ಸುರು ಆಗೂಕಿಂತ ಮೊದಲೇ ಸುಮಾರು 10 ಸಾವಿರ ಕುದುರೆ ದಾರಿಯಾಗ ಸತ್ತವು. ಎಳೀ ಜ್ವಾಳದ ಚಿಗರಿಗೆ ದನ ಬಿಟ್ಟು ಕಳಕೊಂಡ ಮನಿ ನಮ್ಮಲ್ಲೂ ಅದಾವ. ಇಷ್ಟು ಸಣ್ಣ ಮಾತು ಗೊತ್ತಿಲ್ಲದವ ಅಷ್ಟು ದೊಡ್ಡ ಚಕ್ರವರ್ತಿ ಹೆಂಗ ಆದ ಅಂತ ನಾನು ಪುಸ್ತಕ ಮುಚ್ಚಿ ವಿಚಾರ ಮಾಡಿದ್ದುಂಟು.

ರಶಿಯಾದ ದಂಡು ಎದುರು ನಿಲ್ಲದೆ ಹಿಂದ ಹಿಂದ ಸರೀತು. ಬಾರ್ಕ್ಲೇ ಅನ್ನುವ ಸೇನಾಪತಿ ಜಾಣ. ವೈರಿಯನ್ನು ಒಳಗ ಎಳಕೊಂಡಷ್ಟೂ ಅವನ ಅನ್ನದ ದಾರಿ ಉದ್ದ ಆಗತದ ಅನ್ನೂದು ಅವನ ಲೆಕ್ಕ. ಆದರೆ ಸ್ಮೊಲೆನ್ಸ್ಕ್ ಅನ್ನುವ ಹಳೇ ಪಟ್ಟಣ ಸುಟ್ಟು ಹೋದ ಮ್ಯಾಲ ಜನ ಅವನನ್ನು ಹೇಡಿ ಅಂದರು. ಜಾರ್ ಅವನ ಮ್ಯಾಲ ಕುತೂಜೊವ್‌ನನ್ನು ತಂದು ಕೂಡಿಸಿದ. ಅರವತ್ತು ದಾಟಿದ ಮುದುಕ, ತುರ್ಕರ ಜೋಡಿ ಲಡಾಯಿಯಾಗ ಎರಡು ಸಲ ತಲೆಗೆ ಗುಂಡು ತಿಂದು ಬದುಕಿದವ, ಒಂದು ಕಣ್ಣು ಹೋಗಿತ್ತು. ಅವನೂ ಹಿಂದಕ್ಕೇ ಸರೀಬೇಕು ಅನ್ನುವವನೇ. ಆದರೆ ಒಂದು ಲಡಾಯಿ ಸೈತ ಮಾಡದೆ ಮಾಸ್ಕೋ ಬಿಟ್ಟುಕೊಟ್ಟರೆ ದೇಶ ಕೇಳೂದಿಲ್ಲ. ಹಂಗಾಗಿ ಬೊರೊದಿನೊ ಹತ್ತಿರ ನಿಂತ.

ಆ ಜಾಗ ಕಣ್ಣಿಗೆ ಕಟ್ಟುವಂಗ ಹೇಳತೀನಿ. ಕೊಲೋಚಾ ಅನ್ನುವ ಸಣ್ಣ ಹೊಳಿ, ಅದರ ದಂಡಿಗೆ ಬೊರೊದಿನೊ. ಸುತ್ತ ಗೊರ್ಕಿ, ಸೆಮ್ಯೊನೊವ್‌ಸ್ಕೊಯೆ, ಶೆವಾರ್ದಿನೊ, ಉತೀತ್ಸಾ ಅನ್ನುವ ಹಳ್ಳಿಗಳು. ನಡುನಡುವೆ ಅಡವಿ, ದಿಬ್ಬ, ಉಳಿದಂತೆ ಹೊಲ. ನಮ್ಮ ಕಡೆ ನಾಕೈದು ಊರಿನ ಸೀಮಿ ಕೂಡಿಸಿದಷ್ಟು. ದಂಡು ಬಂದು ಮೊದಲು ಮಾಡಿದ ಕೆಲಸ ಏನು? ಮಣ್ಣು ಅಗೆದು ತೋಪಿನ ದಿಬ್ಬ ಕಟ್ಟಿದ್ದು, ಸೆಮ್ಯೊನೊವ್‌ಸ್ಕೊಯೆ ಊರಿನ ಮನಿ ಬಿಚ್ಚಿದ್ದು. ಅಲ್ಲಿಯ ಮನಿಗಳು ಕಟ್ಟಿಗಿಯವು, ಬೆಂಕಿ ಹತ್ತಿದರೆ ತಮ್ಮ ಮಂದಿಗೇ ತ್ರಾಸ ಅಂತ ತೊಲಿ ಬಿಚ್ಚಿ ಒಯ್ದರು. ವೈರಿ ಮುಟ್ಟೂಕಿಂತ ಮೊದಲೇ ತಮ್ಮ ದಂಡೇ ಆ ಊರನ್ನು ಇಲ್ಲದಂಗ ಮಾಡಿತು. ಲಡಾಯಿಯ ಪುಸ್ತಕದಾಗ ಇದಕ್ಕೆ ಒಂದು ಸಾಲು. ಆ ಊರಿನವನಿಗೆ ಇದೇ ಇಡೀ ಲಡಾಯಿ.

ಎರಡೂ ಕಡೆ ಸೇರಿ ಸುಮಾರು ಎರಡೂವರೆ ಲಕ್ಷ ಮಂದಿ, ಸುಮಾರು 1,200 ತೋಪು. ಲಡಾಯಿಯ ಹಿಂದಿನ ದಿನ ರಶಿಯಾದ ಸಿಪಾಯಿಗಳ ನಡುವೆ ಸ್ಮೊಲೆನ್ಸ್ಕಿನ ದೇವಮಾತೆಯ ಪಟ ಮೆರವಣಿಗಿ ಮಾಡಿದರು. ಕುತೂಜೊವ್ ಮಣ್ಣಿಗೆ ಮೊಣಕಾಲು ಹಚ್ಚಿ ನಮಸ್ಕಾರ ಮಾಡಿದ. ಅತ್ತ ನೆಪೋಲಿಯನ್ನನಿಗೆ ಅವನ ಕೂಸಿನ ಚಿತ್ರ ಪ್ಯಾರಿಸಿನಿಂದ ಬಂದಿತ್ತು, ಡೇರೆಯ ಮುಂದೆ ಇಟ್ಟು ಎಲ್ಲಾರಿಗೂ ತೋರಿಸಿದ. ಮರುದಿನ ನಸುಕಿನಾಗ 6ರ ಸುಮಾರಿಗೆ ತೋಪು ಹಾರಿದವು. ಸಂಜೀತನಕ ನಿಲ್ಲಲಿಲ್ಲ.

ಎಡಕ್ಕೆ ಬಾಣದ ಮೊನೆಯಂಗ ಕಟ್ಟಿದ ಮಣ್ಣಿನ ದಿಬ್ಬಗಳಿದ್ದವು. ಅಲ್ಲಿ ಬಗ್ರಾತಿಯೊನ್ ಅನ್ನುವ ಜಾರ್ಜಿಯಾ ಕಡೆಯ ರಾಜಮನೆತನದವ ನಿಂತಿದ್ದ. ಆ ದಿಬ್ಬಗಳು ಮುಂಜಾನಿಂದ ಮಧ್ಯಾಹ್ನದ ಒಳಗ ಎಷ್ಟೋ ಸಲ ಇವರಿಂದ ಅವರಿಗೆ, ಅವರಿಂದ ಇವರಿಗೆ ಆದವು. ಬಗ್ರಾತಿಯೊನ್ ಕಾಲಿಗೆ ಪೆಟ್ಟು ತಿಂದು ಬಿದ್ದ, ಮುಂದೆ ಕೆಲವು ದಿನಕ್ಕೆ ತೀರಿಕೊಂಡ. ನಟ್ಟನಡುವೆ ರಾಯೆವ್‌ಸ್ಕಿಯ ದೊಡ್ಡ ತೋಪಿನ ದಿಬ್ಬ. ಮಧ್ಯಾಹ್ನ ದಾಟಿದ ಮ್ಯಾಲ ಫ್ರೆಂಚ್ ಕುದುರೆ ದಂಡು ನುಗ್ಗಿ ಅದನ್ನು ಹಿಡೀತು, ನುಗ್ಗಿಸಿದ ಅವರ ಸೇನಾಪತಿ ಕೊಲೆಂಕೂರ್ ಅಲ್ಲೇ ಸತ್ತ. ಇನ್ನೊಂದು ನೂಕಿದರೆ ಗೆದ್ದೆವು ಅಂತ ನೆಪೋಲಿಯನ್ನನ ಸರದಾರರು ಅವನ ಖಾಸಾ ಪಡೆ ಬೇಡಿದರು. ಅವ ಕೊಡಲಿಲ್ಲ. ಅಂದು ಅವನಿಗೆ ನೆಗಡಿ, ಮೈಯಾಗ ಸುಖ ಇರಲಿಲ್ಲ. ಮನೆಯಿಂದ ಇಷ್ಟು ದೂರ ಬಂದು ಕಡೇ ಗಂಟನ್ನು ಬಿಚ್ಚಾಕ ಮನಸ್ಸಾಗಲಿಲ್ಲ. ಕತ್ತಲಾತು. ರಾತ್ರಿ ರಶಿಯಾದವರು ಸಾಲು ಹಿಡಿದು ಹಿಂದ ಸರಿದರು.

ಸತ್ತವರು, ಗಾಯ ಆದವರು ಎರಡೂ ಕಡೆ ಸೇರಿ ಕಮ್ಮೀತಕಮ್ಮಿ 70 ಸಾವಿರ. ಹನ್ನೆರಡು ತಾಸಿನಾಗ. ನಾನು ಹಾಡುವವ, ತಾಳದ ಲೆಕ್ಕ ಹಾಕಿದೆ. ನಿಮಿಷಕ್ಕೆ ತೊಂಬತ್ತಕ್ಕೂ ಮಿಕ್ಕಿ. ದಪ್ಪಿನ ಮ್ಯಾಲ ನಡುತರ ನಡಿಗೆ ಹಿಡಿದರೆ ಒಂದು ನಿಮಿಷಕ್ಕೆ ಬೀಳುವ ಪೆಟ್ಟು ಹೆಚ್ಚುಕಮ್ಮಿ ಅಷ್ಟೇ. ಒಂದು ಪೆಟ್ಟಿಗೆ ಒಬ್ಬ, ಮುಂಜಾನಿಂದ ಸಂಜೀತನಕ. ಈ ಲೆಕ್ಕ ಗೊತ್ತಾದ ಮ್ಯಾಲ ಕೆಲವು ದಿನ ದಪ್ಪು ಮುಟ್ಟಾಕ ಕೈ ಹಿಂದಮುಂದ ನೋಡಿತು.

ಈಗ ಗೆದ್ದವರ ಮಾತು. ಕುತೂಜೊವ್ ತನ್ನ ಜಾರ್‌ಗೆ ವೈರಿಯನ್ನು ತಡೆದೆವು ಅಂತ ಬರೆದ. ಜಾರ್ ಅದನ್ನು ಗೆಲುವು ಅಂತ ಹಿಡಿದು ಅವನಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ, ಮ್ಯಾಲ 1 ಲಕ್ಷ ರೂಬಲ್ ಇನಾಮು. ಲಡಾಯಿಯಾಗ ಇದ್ದ ಸಾದಾ ಸಿಪಾಯಿಗೆ ತಲಾ 5 ರೂಬಲ್. ಅತ್ತ ನೆಪೋಲಿಯನ್ನನೂ ನಾನೇ ಗೆದ್ದೆ ಅಂದ. ಒಂದು ವಾರಕ್ಕೆ, ಸಪ್ಟೆಂಬರ್ 14ಕ್ಕೆ, ಮಾಸ್ಕೋ ಹೊಕ್ಕನಲ್ಲ! ಅವನ ಸರದಾರ ನೇಯ್‌ಗೆ ಮುಂದೆ 'ಮಾಸ್ಕೋವಾದ ರಾಜಕುಮಾರ' ಅನ್ನುವ ಬಿರುದು ಬಂತು. ಯಾಕಂದರೆ ಫ್ರೆಂಚರು ಇದನ್ನು ಬೊರೊದಿನೊ ಲಡಾಯಿ ಅನ್ನೂದಿಲ್ಲ, ಮಾಸ್ಕೋವಾ ಹೊಳಿಯ ಲಡಾಯಿ ಅಂತಾರ. ಪ್ಯಾರಿಸಿನ ವಿಜಯದ ಕಮಾನಿನ ಮ್ಯಾಲೂ ಹಂಗೇ ಕೆತ್ತ್ಯಾರ. ಆ ಹೊಳಿ ಹತ್ತಿರದಾಗ ಹರಿಯೂದು ಖರೇ, ಆದರೆ ಹೆಣ ಬಿದ್ದದ್ದು ಕೊಲೋಚಾದ ಕಡೆ. ಪದದಾಗ ಮಾಸ್ಕೋ ಹೆಸರು ಕೇಳಿಸಿದರೆ ಕಿಮ್ಮತ್ತು ಹೆಚ್ಚು ಅನ್ನೂದು ಹಾಡುವವರಿಗೆ ತಿಳೀತದ. ಹೆಸರು ಎರಡು, ಗೆದ್ದವರು ಇಬ್ಬರು, ತಾರೀಖು ಸೈತ ಎರಡು. ಫ್ರೆಂಚರ ಪಂಚಾಂಗಕ್ಕೆ ಸಪ್ಟೆಂಬರ್ 7, ರಶಿಯಾದ ಹಳೇ ಪಂಚಾಂಗಕ್ಕೆ ಆಗಸ್ಟ್ 26.

ನಮ್ಮಲ್ಲಿ ಹರದೇಶಿ ನಾಗೇಶಿ ಮೇಳ ರಾತ್ರಿಯೆಲ್ಲ ಎದುರಾಬದುರಾ ಹಾಡಿ, ಬೆಳಗಾದ ಮ್ಯಾಲ ಎರಡೂ ಮೇಳದವರು ನಾವೇ ಗೆದ್ದೆವು ಅಂತ ಹೇಳಿಕೋತ ಒಂದೇ ಪಂಕ್ತಿಗೆ ಕುಂತು ಉಣ್ಣತಾರ. ಅಲ್ಲಿ ಇಬ್ಬರು ಗೆಲ್ಲಾಕ ಅಡ್ಡಿಯಿಲ್ಲ, ಯಾರೂ ಸತ್ತಿರೂದಿಲ್ಲ.

ಹಂಗಾದರೆ ರಶಿಯಾದವರ ಪಕ್ಷ ಹಿಡಿಯಬಹುದಲ್ಲ, ತಮ್ಮ ನೆಲ ಉಳಿಸಿಕೊಳ್ಳಾಕ ನಿಂತವರು ಅವರೇ ಅಲ್ಲೇನು ಅಂತ ನೀವು ಕೇಳಬಹುದು. ನಾನೂ ಹಂಗೇ ಸುರು ಮಾಡಿದ್ದೆ. ಆದರೆ ಆ ಸಿಪಾಯಿಗೆ ನೆಲ ಎಲ್ಲಿತ್ತು? ಅವ ಜಮೀನುದಾರನ ಜೀತದ ಆಳು. ಹೊಲದ ಜೋಡಿ ಅವನನ್ನೂ ಮಾರುತ್ತಿದ್ದರು. ದಂಡಿಗೆ ಹಿಡಿದು ಒಯ್ದರೆ 25 ವರ್ಷದ ಚಾಕರಿ. ತಿರುಗಿ ಬರೂದಿಲ್ಲ ಅಂತ ಗೊತ್ತಿದ್ದೇ ಕಳಿಸುತ್ತಿದ್ದರು. ಹುಡುಗನನ್ನು ಒಯ್ಯುವ ದಿನ ಅವರವ್ವ, ಊರಿನ ಹೆಣ್ಣುಮಕ್ಕಳು ಹೆಣದ ಮುಂದೆ ಹಾಡಿಕೊಂಡು ಅಳುವ ಹಾಡನ್ನೇ ಬದುಕಿದ್ದವನ ಮುಂದೆ ಹಾಡುತ್ತಿದ್ದರು. ರಶಿಯಾದ ಜಾನಪದದಾಗ ಅದೇ ಒಂದು ಬ್ಯಾರೆ ಹಾಡಿನ ಜಾತಿ. ಲಡಾಯಿ ಎಲ್ಲಾ ಮುಗಿದು ನೆಪೋಲಿಯನ್ ಹೋದ ಮ್ಯಾಲ, 1814ರಾಗ ಜಾರ್ ಒಂದು ಪ್ರಕಟಣೆ ಹೊರಡಿಸಿದ. ಅದರಾಗ ರೈತರಿಗೆ ಸಿಕ್ಕಿದ್ದು, ಅವರಿಗೆ ಪ್ರತಿಫಲ ದೇವರು ಕೊಡತಾನ ಅನ್ನುವ ಅರ್ಥದ ಒಂದು ಮಾತು. ಜೀತ ಹೋಗಿದ್ದು 1861ಕ್ಕೆ, ಲಡಾಯಿ ಆಗಿ 49 ವರ್ಷಕ್ಕೆ.

ಫ್ರೆಂಚ್ ದಂಡಿನ ಕಥಿಯೂ ಹಂಗೇ. ಹೆಸರಿಗೆ ಫ್ರೆಂಚ್, ಒಳಗ ಪೋಲೆಂಡಿನವರು, ಜರ್ಮನ್ ನಾಡಿನ ಸ್ಯಾಕ್ಸನಿ, ಬವೇರಿಯಾ, ವೆಸ್ಟ್‌ಫಾಲಿಯಾದವರು, ಇಟಲಿಯವರು, ಡಚ್ಚರು, ಪೋರ್ತುಗೀಜರು. ಹುಕುಂ ಒಂದು ಭಾಷೆಯಾಗ, ಸಾಯುವಾಗ ಅವ್ವನನ್ನು ಕರೆದದ್ದು ಇನ್ನೊಂದು ಭಾಷೆಯಾಗ. ಕಾಗದಪತ್ರ ಒಂದು ಭಾಷೆಯಾಗ, ಮನಿಮಾತು ಇನ್ನೊಂದರಾಗ ಇರುವ ಗಡಿನಾಡಿನ ನಮಗೆ ಇದು ಬಿಡಿಸಿ ಹೇಳಬೇಕಾದದ್ದಲ್ಲ.

ನನ್ನ ಅಣ್ಣನ ಮಗ ಮಿಲ್ಟ್ರಿಯಾಗ ಇದ್ದಾನ. ಗಡಿಯಾಗ ಗದ್ದಲ ಸುರು ಆತು ಅಂತ ಟೀವಿಯಾಗ ಬಂದರೆ ಕಟ್ಟಿ ಮ್ಯಾಲ ಕುಂತವರು ನಮ್ಮವರು ಎಷ್ಟು ಹೊಡೆದರು ಅಂತ ಕೇಳತಾರ. ನಮ್ಮ ವೈನಿ ಏನೂ ಕೇಳೂದಿಲ್ಲ. ಫೋನು ಸೆರಗಿನಾಗ ಕಟ್ಟಿಕೊಂಡು ದನಕ್ಕ ಮೇವು ಹಾಕತಾಳ, ಕಸ ಹೊಡೀತಾಳ. ಫೋನು ಬಂದು ಮಗನ ದನಿ ಕೇಳಿದ ಮ್ಯಾಲ ಒಲಿ ಹಚ್ಚತಾಳ. ದೇಶದ ಮ್ಯಾಲ ಆಕೆಗೆ ಅಭಿಮಾನ ಕಮ್ಮಿ ಅಂತ ಯಾರೂ ಅನ್ನಬಾರದು. ಮಗನನ್ನು ಕೊಟ್ಟಾಕಿ ಆಕೆ. ಆಕೆ ಲಡಾಯಿಯನ್ನು ಅಳೆಯುವ ಕೊಳಗ ಬ್ಯಾರೆ, ಅಷ್ಟೇ.

ಬೊರೊದಿನೊದಾಗೂ ಅಂಥಾಕಿ ಒಬ್ಬಳಿದ್ದಳು, ಮಾರ್ಗರೀತಾ ತುಚ್ಕೋವಾ. ಆಕೆಯ ಗಂಡ ಅಲೆಕ್ಸಾಂಡರ್ ತುಚ್ಕೋವ್ ಎಡಗಡೆಯ ಮಣ್ಣಿನ ದಿಬ್ಬದ ಹತ್ತಿರ ತನ್ನ ಪಡೆ ಮುಂದಿಟ್ಟುಕೊಂಡು ಸತ್ತ. ಅವನ ಅಣ್ಣ ನಿಕೊಲಾಯ್ ಉತೀತ್ಸಾ ಹತ್ತಿರ ಗಾಯ ತಿಂದು ಆಮ್ಯಾಲ ತೀರಿಕೊಂಡ. ಅಲೆಕ್ಸಾಂಡರನ ಹೆಣ ಸಿಗಲಿಲ್ಲ. ಹೆಣ ಎತ್ತುವವರೂ ಇರಲಿಲ್ಲ. ಲಡಾಯಿ ಆಗಿ ಎಷ್ಟೋ ದಿನದ ಮ್ಯಾಲ ಆಕೆ ಸಮೀಪದ ಮಠದ ಒಬ್ಬ ಮುದಿ ಸನ್ಯಾಸಿಯ ಜೋಡಿ ರಾತ್ರಿಯೆಲ್ಲ ದೀಪ ಹಿಡಿದು ಆ ಹೊಲದಾಗ ತಿರುಗಾಡಿದಳು. ಹತ್ತಾರು ಸಾವಿರ ಹೆಣದಾಗ ಒಂದನ್ನು ಹುಡುಕಿದಳು. ಸಿಗಲಿಲ್ಲ. ಮುಂದೆ ತನ್ನ ಒಡವಿ ಮಾರಿ, ಜಾರ್ ಕೊಟ್ಟದ್ದನ್ನೂ ಕೂಡಿಸಿ, ಗಂಡ ಬಿದ್ದ ಜಾಗದಾಗ ಒಂದು ಸಣ್ಣ ಗುಡಿ ಕಟ್ಟಿಸಿದಳು. 1820ಕ್ಕೆ ಅದು ಮುಗೀತು. 1826ರಾಗ ಇದ್ದ ಒಬ್ಬ ಮಗನೂ ಹೋದ. ಆಕೆ ತಿರುಗಿ ಪ್ಯಾಟಿಗೆ ಹೋಗಲಿಲ್ಲ. ಅಲ್ಲೇ ನಿಂತಳು. ಗತಿಯಿಲ್ಲದ ಹೆಣ್ಣುಮಕ್ಕಳು ಆಕೆಯ ಸುತ್ತ ಬಂದು ಸೇರಿದರು, ಅದು ಹೆಣ್ಣುಮಕ್ಕಳ ಮಠ ಆತು, ಆಕೆ ಮರಿಯಾ ಅನ್ನುವ ಹೆಸರಿನಿಂದ ಅದರ ಹಿರಿಯಳಾದಳು. ಸತ್ತವರ ನೆನಪಿಗೆ ಆ ಮಠದಾಗ ರೈ ಹಿಟ್ಟಿನ ಕರೇ ರೊಟ್ಟಿ ಮಾಡುತ್ತಿದ್ದರು, ಅದೇ ಬೊರೊದಿನೊ ರೊಟ್ಟಿ ಅಂತ ಜನ ಕಥಿ ಹೇಳತಾರ. ಕಥಿಗೆ ಬರೆದಿಟ್ಟ ಆಧಾರ ಇಲ್ಲ. ಆ ಹೆಸರಿನ ರೊಟ್ಟಿ ಮಾತ್ರ ಇವತ್ತಿಗೂ ಅಲ್ಲಿನ ಅಂಗಡಿಯಾಗ ಸಿಗತದ.

ಆ ಹೊಲದ ಗತಿ ಏನಾತು? ಮಾಸ್ಕೋ ಸುಟ್ಟು ಹೋಗಿ, ತಿನ್ನಾಕ ಇಲ್ಲದೆ, ಅಕ್ಟೋಬರ್ 19ಕ್ಕೆ ನೆಪೋಲಿಯನ್ ತಿರುಗಿದ. ಬ್ಯಾರೆ ದಾರಿ ಹಿಡಿಯಬೇಕಂದರೆ ಮಾಲೊಯರೊಸ್ಲಾವೆತ್ಸ್ ಹತ್ತಿರ ರಶಿಯಾದವರು ತಡೆದರು. ಬಂದ ದಾರಿಗೇ ಬರಬೇಕಾತು. ಗೆದ್ದೆವು ಅಂದ ಹೊಲದ ಮ್ಯಾಲೇ ಹಾಯ್ದು ಹೋದರು. ಏಳು ವಾರದ ಹಿಂದೆ ಬಿದ್ದ ತಮ್ಮ ಮಂದಿ ಇನ್ನೂ ಅಲ್ಲೇ ಇದ್ದರು, ತೋಳ ನಾಯಿ ಪಾಲಾಗಿ. ಅವರು ಹೋದ ಮ್ಯಾಲ ಸುತ್ತಲ ಹಳ್ಳಿಯ ರೈತರು ಆ ಹೆಣಗಳನ್ನು, 30 ಸಾವಿರಕ್ಕೂ ಮಿಕ್ಕಿ ಕುದುರೆಗಳನ್ನು ಸುಟ್ಟರು, ಹೂಳಿದರು. ಪದವಿ ಸರದಾರರಿಗೆ, ಬಿರುದು ಸರದಾರರಿಗೆ, ಹೆಣ ರೈತನಿಗೆ. ಆಮ್ಯಾಲ ಅದೇ ನೆಲ ಉಳಬೇಕು. ಕುಂಟಿ ಹೊಡೆಯುವಾಗ ಕಲ್ಲು ತಾಗಿದರೆ ನನಗೆ ಸಪ್ಪಳದ ಮ್ಯಾಲೇ ಗೊತ್ತಾಗತದ. ಆ ರೈತನಿಗೆ ಕಲ್ಲು ಯಾವುದು, ಗುಂಡು ಯಾವುದು, ಎಲುವು ಯಾವುದು ಅಂತ ಸಪ್ಪಳದ ಮ್ಯಾಲೇ ಗೊತ್ತಾಗುತ್ತಿದ್ದಿರಬೇಕು. 1941ರ ಅಕ್ಟೋಬರಿನಾಗ ಜರ್ಮನಿಯ ದಂಡು ಮಾಸ್ಕೋಕ್ಕೆ ಹೊಂಟಾಗ ಅದೇ ಹೊಲದಾಗ ಮತ್ತೊಮ್ಮೆ ಲಡಾಯಿ ಆತು.

ಪಕ್ಷ ಸಿಗದೆ ಒದ್ದಾಡುವಾಗ ನನಗೆ ದಾರಿ ತೋರಿಸಿದ್ದು ನಮ್ಮ ಮೊಹರಮ್ ಪದ. ನಮ್ಮ ಊರುಗಳಾಗ ಅಲಾಯಿ ಕುಣಿಯ ಸುತ್ತ ಎಲ್ಲಾ ಜಾತಿಯವರೂ ಕರ್ಬಲಾದ ಪದ ಹಾಡತೀವಿ. 680ನೇ ಇಸ್ವಿಯ ಆ ಲಡಾಯಿಯಾಗ ದಂಡಿನ ಲೆಕ್ಕಕ್ಕೆ ಗೆದ್ದವ ಯಜೀದ. ಅವನ ಗೆಲುವಿನ ಪದ ಯಾರಾದರೂ ಹಾಡಿದ್ದು ಕೇಳೀರೇನು? ಹಾಡೂದು ಹುಸೇನ ಸಾಹೇಬರನ್ನು, ನೀರಡಿಸಿದ ಕೂಸುಗಳನ್ನು, ಡೇರೆಯಾಗ ದಾರಿ ಕಾಯ್ದ ಹೆಣ್ಣುಮಕ್ಕಳನ್ನು. ಗೆದ್ದವರ್ಯಾರು ಅನ್ನೂದನ್ನು ಬದಿಗಿಟ್ಟು ಯಾರು ತಿರುಗಿ ಬರಲಿಲ್ಲ ಅನ್ನೂದನ್ನು ಹಾಡಿದರೂ ಪದ ನಿಲ್ಲತದ, ಸಾವಿರ ವರ್ಷ ದಾಟಿ ನಿಲ್ಲತದ.

ಹಂಗಾಗಿ ಬೊರೊದಿನೊ ಪದವನ್ನು ಹಿಂಗ ಕಟ್ಟತಾ ಇದ್ದೀನಿ. ಮೊದಲ ನುಡಿ, ದಂಡಿಗೆ ಹೋಗುವ ಮಗನ ಮುಂದೆ ಅವ್ವ ಹಾಡಿಕೊಂಡು ಅಳುವುದು. ಎರಡನೇದು, ತೊಲಿ ಬಿಚ್ಚಿದ ಸೆಮ್ಯೊನೊವ್‌ಸ್ಕೊಯೆ. ಮೂರನೇದು, ಹಸಿ ಮೇವು ತಿಂದ ಕುದುರೆ. ಲಡಾಯಿ ಒಂದೇ ನುಡಿಯಾಗ ಮುಗೀತದ, ಅದರಾಗ ಚಕ್ರವರ್ತಿಗೂ ಸೇನಾಪತಿಗೂ ಅರ್ಧರ್ಧ ಸಾಲು. ಕಡೇ ನುಡಿ ಎಲ್ಲಕ್ಕಿಂತ ಉದ್ದ, ದೀಪ ಹಿಡಿದು ಹೊಲ ತಿರುಗುವ ಮಾರ್ಗರೀತಾಳದು. ಗೀಗೀ ಧಾಟಿ ಅದಕ್ಕೆ ಒಗ್ಗಲಿಲ್ಲ, ಮೊಹರಮ್ ಧಾಟಿಗೆ ಹಾಕೀನಿ. ಲಡಾಯಿ ಪದದಾಗ ವೀರಾವೇಶ ಎಲ್ಲೈತಿ ಅಂತ ಮೇಳದ ಹುಡುಗರು ಕೇಳತಾರ. ಅವರಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಪದ ಮುಗಿದ ಮ್ಯಾಲ ಮೊದಲ ಸಲ ಕುಂತ ದೈವದ ಮುಂದೆ ಹಾಡೂದಿಲ್ಲ, ನಮ್ಮ ಪಡಸಾಲಿಯಾಗ ವೈನಿಯ ಮುಂದೆ ಹಾಡತೀನಿ. ಬ್ಯಾಡ ಅಂದರೆ ಬಿಡತೀನಿ, ಹೂಂ ಅಂದರೆ ಮುಂದಿನ ಜಾತ್ರಿಗೆ ನೀವೂ ಕೇಳಾಕ ಬರ್ರಿ.